ಪಾಚಿ ಕಾಣುವುದು ಕೆರೆಯಲ್ಲಿ, ಕೆಲಸ ಇರುವುದು ಮೇಲಿನ ಕಾಲುವೆಯಲ್ಲಿ

ಇದು ನಗರಸಭೆ ಸದಸ್ಯರು ಮತ್ತು ಕೆರೆ ಸಮಿತಿಗಳವರ ಮುಂದೆ ಆಡಿದ ಮಾತಿನ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕೆರೆ ಹಸಿರು ತಿರುಗಿದಾಗ ನಗರಸಭೆಯ ಮೇಜಿಗೆ ಬರುವ ಪ್ರಸ್ತಾವನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ನೀರಿಗೆ ಹಾಕುವ ಪುಡಿ, ಮಧ್ಯದಲ್ಲಿ ಕಾರಂಜಿ, ಹೂಳೆತ್ತಲು ಜೆಸಿಬಿ, ಸುತ್ತ ವಾಕಿಂಗ್ ಪಾತ್. ಎಲ್ಲವೂ ಕೆರೆಯ ಒಳಗೆ ಇಲ್ಲವೇ ದಡದಲ್ಲಿ ನಡೆಯುವ ಕೆಲಸಗಳು. ನಾನು ಇವತ್ತು ಹೇಳಲು ಬಂದಿರುವುದು ಒಂದೇ ಮಾತು. ಪಾಚಿಯ ಮೂಲ ಕೆರೆಯಲ್ಲಿಲ್ಲ. ಅದು ಮೇಲಿನ ಬಡಾವಣೆಯಲ್ಲಿದೆ, ರಾಜಕಾಲುವೆಯಲ್ಲಿದೆ, ಅರ್ಧಕ್ಕೆ ನಿಂತ ಯುಜಿಡಿ, ಅಂದರೆ ಒಳಚರಂಡಿ ಪೈಪಿನಲ್ಲಿದೆ. ದುಡ್ಡು ಮೊದಲು ಅಲ್ಲಿ ಖರ್ಚಾಗಬೇಕು. ಉಳಿದಿದ್ದೆಲ್ಲ ಆಮೇಲೆ.

ನೀರಿನ ಮೇಲೆ ಹಸಿರಾಗಿ ಕಂಡಿದ್ದನ್ನೆಲ್ಲ ನಾವು ಪಾಚಿ ಅನ್ನುತ್ತೇವೆ. ಎಳ್ಳಿನ ಗಾತ್ರದ ಎಲೆಗಳು ತೇಲುತ್ತಿದ್ದರೆ ಅದು ಪಾಚಿಯಲ್ಲ, ಗಿಡ. ನೇರಳೆ ಹೂ ಬಿಡುವ ಅಂತರಗಂಗೆಯೂ ಗಿಡವೇ. ಕೈ ಹಾಕಿದರೆ ಎಳೆ ಎಳೆಯಾಗಿ ಬರುವುದು ಪಾಚಿ ಹೌದು, ಆದರೆ ಅದರಿಂದ ಅಪಾಯ ಕಡಿಮೆ. ನಾವು ಹೆದರಬೇಕಾದ್ದು ಬೇಸಿಗೆಯಲ್ಲಿ ಗಾಳಿ ಬೀಸುವ ಕಡೆಯ ದಡಕ್ಕೆ ಹಸಿರು ಪೇಂಟ್ ಸುರಿದ ಹಾಗೆ ಬಂದು ಸೇರುವ ಪಾಚಿಗೆ. ಅದು ಸಯನೋಬ್ಯಾಕ್ಟೀರಿಯಾ, ಅಂದರೆ ನೀಲಿ-ಹಸಿರು ಪಾಚಿ. ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಸಿಗುವ ಬಗೆ ಮೈಕ್ರೋಸಿಸ್ಟಿಸ್. ಇದರ ಕೆಲವು ತಳಿಗಳು ಮೈಕ್ರೋಸಿಸ್ಟಿನ್ ಅನ್ನೋ ವಿಷ ಮಾಡುತ್ತವೆ. ಆ ವಿಷ ಲಿವರ್‌ಗೆ ಹೊಡೆತ ಕೊಡುತ್ತದೆ. ನೀರು ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಮಿತಿ ಇಟ್ಟಿದೆ. ಮನುಷ್ಯರು ಇಂಥ ನೀರನ್ನು ನೋಡಿಯೇ ದೂರ ಹೋಗುತ್ತಾರೆ. ದನಕರುಗಳಿಗೆ ಆ ಆಯ್ಕೆ ಇರುವುದಿಲ್ಲ, ಅಲ್ವಾ? ಹಾಗಾಗಿ ದಡದಲ್ಲಿ ಈ ಕೆನೆ ಕಂಡ ದಿನವೇ ಪಂಚಾಯಿತಿಯಾಗಲಿ ನಗರಸಭೆಯಾಗಲಿ ಅಲ್ಲಿ ಒಂದು ಬೋರ್ಡ್ ಹಾಕಿ, ದನಗಳಿಗೆ ಬೇರೆ ತೊಟ್ಟಿಯಲ್ಲಿ ನೀರು ಕೊಡಬೇಕು. ಇದಕ್ಕೆ ಯಾವ ದೊಡ್ಡ ಯೋಜನೆಯೂ ಬೇಡ.

ಈಗ ಒಂದು ಲೆಕ್ಕ. ದಯವಿಟ್ಟು ಇದನ್ನು ಬರೆದುಕೊಳ್ಳಿ, ಯಾಕೆಂದರೆ ಇವತ್ತಿನ ಮಾತೆಲ್ಲ ಇದರ ಮೇಲೇ ನಿಂತಿದೆ.

ಪಾಚಿ ಬೆಳೆಯಲು ಬಿಸಿಲು, ಇಂಗಾಲ, ಸಾರಜನಕ, ರಂಜಕ ಎಲ್ಲವೂ ಬೇಕು. ಇವುಗಳಲ್ಲಿ ಸಿಹಿನೀರಿನಲ್ಲಿ ಸಾಮಾನ್ಯವಾಗಿ ಕೊರತೆ ಇರುವುದು ರಂಜಕಕ್ಕೆ, ಅಂದರೆ ಫಾಸ್ಫರಸ್‌ಗೆ. ಅದು ಸಿಕ್ಕ ಕೂಡಲೇ ಪಾಚಿ ಎದ್ದುಬಿಡುತ್ತದೆ. 1 ಕಿಲೋ ರಂಜಕದಿಂದ ಹಸಿ ತೂಕದಲ್ಲಿ 500 ಕಿಲೋವರೆಗೂ ಪಾಚಿ ಬೆಳೆಯಬಲ್ಲದು ಅನ್ನುವುದು ವಿಜ್ಞಾನಿಗಳ ಹಳೆಯ ಲೆಕ್ಕ. ಕೆರೆಯ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ರಂಜಕ ದಾಟಿತು ಅಂದರೆ ಆ ಕೆರೆ ವಿಪರೀತ ಗೊಬ್ಬರ ತಿಂದಿದೆ ಅಂತ ಅರ್ಥ.

ಒಬ್ಬ ಮನುಷ್ಯನ ಮಲಮೂತ್ರದಲ್ಲಿ ದಿನಕ್ಕೆ 1 ಗ್ರಾಂಗಿಂತ ಸ್ವಲ್ಪ ಜಾಸ್ತಿ ರಂಜಕ ಹೊರಗೆ ಹೋಗುತ್ತದೆ. 1.2 ಗ್ರಾಂ ಅಂತ ಇಟ್ಟುಕೊಳ್ಳಿ. ಬಟ್ಟೆ ಒಗೆಯುವ ಪುಡಿಯದ್ದು ಬೇರೆ, ಅದನ್ನು ಬಿಡೋಣ. 1,000 ಜನರಿರುವ ಒಂದು ಬಡಾವಣೆಯಿಂದ ದಿನಕ್ಕೆ 1.2 ಕಿಲೋ ಆಯಿತು. ಈಗ 20 ಎಕರೆಯ, ಸರಾಸರಿ 2 ಮೀಟರ್ ಆಳದ ಒಂದು ಕೆರೆ ತೆಗೆದುಕೊಳ್ಳಿ. ಅದು ತುಂಬಿದಾಗ ಸುಮಾರು 16 ಕೋಟಿ ಲೀಟರ್ ನೀರು ಹಿಡಿಯುತ್ತದೆ. ಅಷ್ಟೂ ನೀರನ್ನು 0.1 ಮಿಲಿಗ್ರಾಂ ಮಟ್ಟಕ್ಕೆ ಕೆಡಿಸಲು ಬೇಕಾದ ರಂಜಕ ಬರೀ 16 ಕಿಲೋ. ಅಂದರೆ ಆ ಸಣ್ಣ ಬಡಾವಣೆಯ ಕೊಳಚೆ ಎರಡು ವಾರ ಹರಿದರೆ ಸಾಕು, ತುಂಬಿದ ಕೆರೆ ಕೆಡುತ್ತದೆ. ಬೇಸಿಗೆಯಲ್ಲಿ ನೀರು ಅರ್ಧವಾದಾಗ ಒಂದೇ ವಾರ.

ನೀವು ಆ ಕೆರೆಗೆ ಎಷ್ಟೇ ಪುಡಿ ಹಾಕಿ. ಮೇಲಿನಿಂದ ದಿನಾ 1.2 ಕಿಲೋ ಬರುತ್ತಲೇ ಇದ್ದರೆ, ಪುಡಿ ಏನು ಮಾಡೀತು?

ಕೊಳಚೆಯ ಇನ್ನೊಂದು ಪರಿಣಾಮವನ್ನು ಬೆಂಗಳೂರಿನವರು 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಕಂಡರು. ಬೆಳಿಗ್ಗೆ ನೋಡಿದರೆ ಸಾವಿರಾರು ಮೀನುಗಳು ಸತ್ತು ತೇಲುತ್ತಿದ್ದವು. ಇಂಥ ಸಾವು ಸಾಮಾನ್ಯವಾಗಿ ಬೆಳಗಿನ ಹೊತ್ತಿಗೇ ಯಾಕೆ ಕಾಣುತ್ತದೆ ಗೊತ್ತಾ? ಪಾಚಿ ಹಗಲಿನಲ್ಲಿ ಆಮ್ಲಜನಕ ಮಾಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ಕುಡಿಯುತ್ತದೆ. ಕೊಳಚೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳೂ ರಾತ್ರಿಯಿಡೀ ಕುಡಿಯುತ್ತವೆ. ಬೆಳಗಿನ ಜಾವ ಐದು ಗಂಟೆಯ ಹೊತ್ತಿಗೆ ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ಮೀನಿಗೆ ಲೀಟರಿಗೆ ಕಡಿಮೆ ಅಂದರೂ 4 ಮಿಲಿಗ್ರಾಂ ಆಮ್ಲಜನಕ ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಪಾಚಿ ಕಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಅಳೆದರೆ ಇದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ಕಾಗದದ ಮೇಲೆ ಕೆರೆ ಆರೋಗ್ಯವಾಗಿರುತ್ತದೆ, ಮಾರನೇ ದಿನ ಮೀನು ಸಾಯುತ್ತವೆ. ಅದಕ್ಕೇ ನನ್ನ ಒಂದು ಕೋರಿಕೆ: ಲ್ಯಾಬ್ ವರದಿ ಕೈಗೆ ಬಂದಾಗ ಮೊದಲು ಸ್ಯಾಂಪಲ್ ತೆಗೆದ ಸಮಯ ನೋಡಿ. ಸೂರ್ಯ ಹುಟ್ಟುವ ಮೊದಲು ತೆಗೆದ ಸ್ಯಾಂಪಲ್ ಇಲ್ಲದಿದ್ದರೆ ಆ ವರದಿ ಅರ್ಧ ಕಥೆ ಮಾತ್ರ ಹೇಳುತ್ತಿದೆ.

ಬೆಳ್ಳಂದೂರಿನ ವಿಷಯಕ್ಕೆ ಬರುತ್ತೇನೆ. ಸುಮಾರು 900 ಎಕರೆಯ ಕೆರೆ, ಬೆಂಗಳೂರಿನಲ್ಲೇ ದೊಡ್ಡದು. ಊರಿನ ಕೊಳಚೆಯಲ್ಲಿ ದೊಡ್ಡ ಪಾಲು ದಶಕಗಳ ಕಾಲ ಇಲ್ಲಿಗೇ ಬಂತು. 2015ರಲ್ಲಿ ಕೋಡಿಯಿಂದ ಎದ್ದ ನೊರೆ ರಸ್ತೆಗೆ ಹಾರಿತು. 2017ರ ಫೆಬ್ರುವರಿಯಲ್ಲಿ ಕೆರೆಗೆ ಬೆಂಕಿ ಬಿತ್ತು, 2018ರ ಜನವರಿಯಲ್ಲಿ ಮತ್ತೆ ಬಿತ್ತು, ಆರಿಸಲು ಸೇನೆಯ ಯೋಧರು ಬರಬೇಕಾಯಿತು. ನೊರೆ ಪಾಚಿಯಲ್ಲ, ನಿಜ. ಅದು ಸೋಪು ಮತ್ತು ಡಿಟರ್ಜೆಂಟ್ ತುಂಬಿದ ನೀರು ಎತ್ತರದಿಂದ ಬಿದ್ದಾಗ ಏಳುವಂಥದ್ದು. ಆದರೆ ಅದರ ಹಿಂದಿನ ಕೊಳಚೆ ಅದೇ. ಅದೇ ಕೊಳಚೆ ಕೆರೆಯ ಮೈಮೇಲೆ ಅಂತರಗಂಗೆ ಬೆಳೆಸಿತು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶವನ್ನು ಇಲ್ಲಿರುವ ಪ್ರತಿಯೊಬ್ಬ ಸದಸ್ಯರೂ ಓದಬೇಕು ಅಂತ ನನ್ನ ಆಸೆ. ರಾಜ್ಯ ಸರ್ಕಾರ 500 ಕೋಟಿ ರೂಪಾಯಿಯನ್ನು ಕೆರೆಯ ಕೆಲಸಕ್ಕೆ ಪ್ರತ್ಯೇಕವಾಗಿ ಎತ್ತಿಡಬೇಕು ಅಂತ ಹೇಳಿತು. ಸರ್ಕಾರಕ್ಕೆ 50 ಕೋಟಿ, ಆಗಿನ ಬೆಂಗಳೂರು ಪಾಲಿಕೆ ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ನೇತೃತ್ವದಲ್ಲಿ ಮೇಲ್ವಿಚಾರಣೆಗೆ ಸಮಿತಿ ಮಾಡಿತು. ಸ್ಥಳೀಯ ಸಂಸ್ಥೆಗೇ ದಂಡ ಬಿತ್ತು ಅನ್ನುವುದನ್ನು ಗಮನಿಸಿ. ಮುಂದೆ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಹೂಳೆತ್ತಲು ಇಳಿದಾಗ ಮೊದಲು ಮಾಡಿದ ಕೆಲಸ ಏನು? ಒಳಗೆ ಬರುವ ನೀರನ್ನು ಪಕ್ಕಕ್ಕೆ ತಿರುಗಿಸಲು ಕಾಲುವೆ ತೋಡಿದ್ದು. ಅದಾದ ಮೇಲೆ ಹೂಳು. ಅಷ್ಟು ದೊಡ್ಡ ಕೆರೆಗೆ ಬೇಕಾದ ಕ್ರಮವೇ ನಿಮ್ಮ 20 ಎಕರೆ ಕೆರೆಗೂ ಬೇಕು. ಕೊಳಚೆ ಬರುತ್ತಿರುವಾಗಲೇ ಹೂಳೆತ್ತಿದರೆ ಕೆಲವೇ ವರ್ಷಗಳಲ್ಲಿ ಅದೇ ಹೂಳಿಗೆ ಇನ್ನೊಂದು ಟೆಂಡರ್ ಕರೆಯಬೇಕಾಗುತ್ತದೆ. ಜನರ ತೆರಿಗೆ ದುಡ್ಡು ಹೀಗೆ ಹೋಗುವುದನ್ನು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಕೊಳಚೆ ತಡೆದರೆ ಕೆರೆ ನಿಜವಾಗಿ ಸುಧಾರಿಸುತ್ತದಾ ಅಂತ ಕೇಳುವವರಿಗೆ ನಾನು ಯಾವಾಗಲೂ ಹೇಳುವುದು ಅಮೆರಿಕದ ಸಿಯಾಟಲ್ ಊರಿನ ವಾಷಿಂಗ್ಟನ್ ಸರೋವರದ ಕಥೆ. ಸುತ್ತಲಿನ ಪಟ್ಟಣಗಳು ಸಂಸ್ಕರಿಸಿದ ಕೊಳಚೆ ನೀರನ್ನೇ ಅದಕ್ಕೆ ಬಿಡುತ್ತಿದ್ದವು. 1955ರಲ್ಲಿ ಡಬ್ಲ್ಯು. ಟಿ. ಎಡ್ಮಂಡ್‌ಸನ್ ಅನ್ನುವ ವಿಜ್ಞಾನಿ ಮತ್ತು ಅವರ ಸಂಗಡಿಗರು ಅಲ್ಲಿ ನೀಲಿ-ಹಸಿರು ಪಾಚಿಯ ಒಂದು ಬಗೆ ಕಾಣಿಸಿಕೊಂಡಿದ್ದನ್ನು ಗುರುತಿಸಿದರು. ಮುಂದೆ ಏನಾಗುತ್ತದೆ ಅಂತ ಎಚ್ಚರಿಸಿದರು. ಎಲ್ಲ ಪಟ್ಟಣಗಳೂ ಸೇರಿ ಒಂದು ಒಳಚರಂಡಿ ಸಂಸ್ಥೆ ಕಟ್ಟಬೇಕು ಅನ್ನೋ ಪ್ರಸ್ತಾವ 1958ರ ಮಾರ್ಚ್‌ನಲ್ಲಿ ಮತಕ್ಕೆ ಬಂತು. ಸೋತಿತು. ಹೊರವಲಯದ ಊರುಗಳವರು ಒಪ್ಪಲಿಲ್ಲ. ಜನ ಸುಮ್ನೆ ಕೂರಲಿಲ್ಲ, ಪ್ರಸ್ತಾವವನ್ನು ಕಿರಿದು ಮಾಡಿಕೊಂಡು ಅದೇ ಸೆಪ್ಟೆಂಬರ್‌ನಲ್ಲಿ ಮತ್ತೆ ಹೋದರು, ಗೆದ್ದರು. 1963ರಿಂದ 1968ರ ಒಳಗೆ ಕೊಳಚೆಯನ್ನೆಲ್ಲ ಪೈಪುಗಳಲ್ಲಿ ಬೇರೆ ಕಡೆಗೆ ತಿರುಗಿಸಿದರು. ಮೊದಲು, ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯಲು ಇಳಿಬಿಟ್ಟ ಬಿಳಿ ತಟ್ಟೆ ಸುಮಾರು 1 ಮೀಟರಿಗೇ ಮರೆಯಾಗುತ್ತಿತ್ತು. 1970ರ ದಶಕದಲ್ಲಿ 3 ಮೀಟರ್ ದಾಟಿ ಕಂಡಿತು. ಅವರು ಸರೋವರದ ಒಳಗೆ ಯಾವ ಔಷಧಿಯನ್ನೂ ಹಾಕಿ ಇದನ್ನು ಸಾಧಿಸಲಿಲ್ಲ. ಆದರೆ ಆ ಸರೋವರ ಬಹಳ ಆಳದ್ದು, ತಳಕ್ಕೆ ಹೋದ ರಂಜಕ ಅಲ್ಲೇ ಉಳಿಯಿತು. ನಮ್ಮ ಕೆರೆಗಳು ಆಳವಿಲ್ಲದವು. ನಮಗೆ ಅಷ್ಟು ಬೇಗ ಫಲ ಸಿಗುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಇನ್ನೊಂದು ತೊಡಕಿದೆ. ನಮ್ಮ ಒಣ ಜಿಲ್ಲೆಗಳಲ್ಲಿ ಕೊಳಚೆಯನ್ನು ಪೂರ್ತಿ ಬೇರೆ ಕಡೆಗೆ ತಿರುಗಿಸಿದರೆ ಕೆರೆಗೆ ನೀರೇ ಇರುವುದಿಲ್ಲ. ಹಾಗಾಗಿ ಸಂಸ್ಕರಿಸಿದ ನೀರನ್ನು ಕೆರೆಗೆ ಬಿಡುವ ದಾರಿ ಹಿಡಿದಿದ್ದೇವೆ. ಅದು ತಪ್ಪಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ವರ್ಷಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿತು, ಬಾವಿಗಳಿಗೆ ಜೀವ ಬಂತು. ಆದರೆ ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು ಅದು. ರಂಜಕದಂಥದ್ದನ್ನೂ ತೆಗೆಯುವ ಮೂರನೇ ಹಂತ ಬೇಕು ಅಂತ ಆ ಭಾಗದ ಜನ ಕೇಳುತ್ತಲೇ ಇದ್ದಾರೆ, ನನ್ನ ಪ್ರಕಾರ ಅವರು ಕೇಳುತ್ತಿರುವುದು ನ್ಯಾಯ.

ಯಾಕೆ ಅಂದರೆ, ಎರಡನೇ ಹಂತಕ್ಕೇ ನಿಲ್ಲುವ ಸಾಮಾನ್ಯ ಎಸ್‌ಟಿಪಿ, ಅಂದರೆ ಕೊಳಚೆ ಸಂಸ್ಕರಣಾ ಘಟಕ, ಕೊಳೆಯುವ ವಸ್ತುವನ್ನು ತೆಗೆಯುತ್ತದೆ, ವಾಸನೆ ತೆಗೆಯುತ್ತದೆ, ನೀರನ್ನು ತಿಳಿಯಾಗಿ ಕಾಣಿಸುತ್ತದೆ. ರಂಜಕದಲ್ಲಿ ಸ್ವಲ್ಪ ಪಾಲನ್ನು ಮಾತ್ರ ತೆಗೆಯುತ್ತದೆ. ಮನೆಗಳ ಕೊಳಚೆಯಲ್ಲಿ ಲೀಟರಿಗೆ ಸುಮಾರು 5ರಿಂದ 10 ಮಿಲಿಗ್ರಾಂ ರಂಜಕ ಇರುತ್ತದೆ. ಚೆನ್ನಾಗಿ ಸಂಸ್ಕರಿಸಿ 1 ಮಿಲಿಗ್ರಾಂಗೆ ಇಳಿಸಿದರೂ, ಕೆರೆ ಕೆಡುವ 0.1ರ ಗೆರೆಗಿಂತ ಅದು ಹತ್ತು ಪಟ್ಟು ಹೆಚ್ಚು. ಎಸ್‌ಟಿಪಿ ಕಟ್ಟಿಸಿದ ಮೇಲೂ ಕೆರೆ ಹಸಿರಾಗಿಯೇ ಇದೆ, ಗುತ್ತಿಗೆದಾರ ಮೋಸ ಮಾಡಿದ ಅಂತ ಕೆಲವು ಊರುಗಳಲ್ಲಿ ಜಗಳ ಆಗುತ್ತದೆ. ಎಷ್ಟೋ ಸಲ ಮೋಸ ಆಗಿರುವುದಿಲ್ಲ. ರಂಜಕ ತೆಗೆಯುವ ಘಟಕ ಬೇಕು ಅಂತ ಟೆಂಡರ್‌ನಲ್ಲೇ ಬರೆದಿರುವುದಿಲ್ಲ.

ಇಲ್ಲಿ ಜಕ್ಕೂರು ಕೆರೆ ನಮಗೆ ಪಾಠ ಹೇಳುತ್ತದೆ. ಬೆಂಗಳೂರಿನ ಉತ್ತರಕ್ಕೆ, ಸುಮಾರು 160 ಎಕರೆ. ಕೆರೆಯ ಮೇಲ್ಭಾಗದಲ್ಲಿ ಜಲಮಂಡಳಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಎಸ್‌ಟಿಪಿ ಕಟ್ಟಿತು. ಅಲ್ಲಿಂದ ಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಮತ್ತು ಬೇರೆ ಜಲಸಸ್ಯಗಳಿರುವ ಜೌಗಿನ ಮೂಲಕ ನಿಧಾನವಾಗಿ ಹಾದುಹೋಗುತ್ತದೆ. ಗಿಡಗಳ ಬೇರು, ಅವಕ್ಕೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಸಾರಜನಕ, ರಂಜಕವನ್ನು ಒಂದಷ್ಟು ಹಿಡಿದುಕೊಳ್ಳುತ್ತವೆ. ಆಮೇಲೆ ಕೆರೆ. ಅಲ್ಲಿ ಮೀನುಗಾರಿಕೆ ನಡೆಯುತ್ತದೆ, ಹಕ್ಕಿಗಳು ಬರುತ್ತವೆ, ಕೋಡಿ ನೀರು ಕೆಳಗಿನ ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ಬಿಡಿಎ, ಜಲಮಂಡಳಿ, ಪಾಲಿಕೆ, ಮೀನುಗಾರರು, ಅಕ್ಕಪಕ್ಕದ ನಿವಾಸಿಗಳು ಎಲ್ಲರ ಕೈಯೂ ಇದರಲ್ಲಿದೆ.

ಇದು ಪೂರ್ತಿ ಗೆದ್ದ ಕಥೆ ಅಂತ ನಾನು ಹೇಳುವುದಿಲ್ಲ. ಎಸ್‌ಟಿಪಿಗೆ ಸೇರದ ಹಸಿ ಕೊಳಚೆ ಕಾಲುವೆಯಲ್ಲಿ ಬಂದು ಜೌಗಿಗೆ ಬಿದ್ದಾಗೆಲ್ಲ ವ್ಯವಸ್ಥೆ ಏರುಪೇರಾಗುತ್ತದೆ. ಮುಖ್ಯವಾದ ವಿಷಯ ಇನ್ನೊಂದಿದೆ. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸಬೇಕು. ಕೊಯ್ಯದೆ ಬಿಟ್ಟರೆ ಗಿಡ ಅಲ್ಲೇ ಸತ್ತು ಕೊಳೆತು, ಹಿಡಿದಿದ್ದ ರಂಜಕವನ್ನು ನೀರಿಗೇ ವಾಪಸ್ ಕೊಡುತ್ತದೆ. ಅಂತರಗಂಗೆಯದ್ದೂ ಅದೇ. ಅದನ್ನು ಕಿತ್ತು ದಡದಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಎಲ್ಲ ರಸ ಕೆರೆಗೆ ಇಳಿಯುತ್ತದೆ. ಟ್ರ್ಯಾಕ್ಟರ್ ಬಾಡಿಗೆಯನ್ನೂ ಅಂದಾಜಿನಲ್ಲಿ ಸೇರಿಸಿ. ನಮ್ಮಲ್ಲಿ ಜೌಗು ಕಟ್ಟಲು ಅನುದಾನ ಸಿಗುತ್ತದೆ, ಪ್ರತಿ ವರ್ಷ ಕೊಯ್ಯಲು ಸಿಗುವುದಿಲ್ಲ. ಕೊಯ್ಯುವುದಕ್ಕೆ ದುಡ್ಡಿಲ್ಲ ಅಂದಮೇಲೆ ಕಟ್ಟಬೇಡಿ ಅಂತಲೇ ನಾನು ಹೇಳುವುದು.

ಕೆರೆಯ ಆಕಾರದ ಬಗ್ಗೆಯೂ ಎರಡು ಮಾತು. ಹೂಳೆತ್ತುವಾಗ ಇಡೀ ಕೆರೆಯನ್ನು ಬಟ್ಟಲಿನಂತೆ ಕಡಿದಾಗಿ ಕೊರೆದು ಸುತ್ತ ಕಲ್ಲು ಕಟ್ಟುವ ಪದ್ಧತಿ ಬಂದಿದೆ. ನೋಡಲು ಚೊಕ್ಕಟ. ಆದರೆ ನೀರು ಬರುವ ಕಡೆಯ ತೆಳು ನೀರಿನ ಅಂಚು ಹೋದರೆ ಜೊಂಡು ಹೋಯಿತು, ಮೀನು ಮೊಟ್ಟೆಯಿಡುವ ಜಾಗ ಹೋಯಿತು, ಕಾಲಿಟ್ಟು ನಿಲ್ಲುವ ಹಕ್ಕಿ ಹೋಯಿತು. ಪಾಚಿಯ ಜೊತೆ ರಂಜಕಕ್ಕೆ ಪೈಪೋಟಿ ಮಾಡುವ ಗಿಡಗಳೇ ಉಳಿಯುವುದಿಲ್ಲ. ಆ ಅಂಚನ್ನು ಬಿಟ್ಟು ಹೂಳೆತ್ತಿ.

ಈಗ ಪುಡಿ, ಔಷಧಿಗಳು. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಹಾಕಿದರೆ ಪಾಚಿ ಸಾಯುತ್ತದೆ, ನಿಜ. ಒಮ್ಮೆಗೇ ಸತ್ತ ಪಾಚಿ ಒಡೆದು ಒಳಗಿದ್ದ ವಿಷ ನೀರಿಗೆ ಬರುತ್ತದೆ, ಕೊಳೆಯುವಾಗ ಆಮ್ಲಜನಕ ಮುಗಿಯುತ್ತದೆ, ತಾಮ್ರ ಹೂಳಿನಲ್ಲಿ ಉಳಿಯುತ್ತದೆ. ಕೆರೆಗೆ ಬೇಡ. ಸೂಕ್ಷ್ಮಜೀವಿ ಪುಡಿ, ಎನ್‌ಜೈಮ್‌ಗಳು ಕೊಳೆಯನ್ನು ಒಡೆಯಬಹುದು, ಆದರೆ ರಂಜಕ ಒಂದು ಮೂಲಧಾತು, ಅದನ್ನು ಯಾವ ಜೀವಿಯೂ ಇಲ್ಲವಾಗಿಸಲಾರದು. ಮಾರಲು ಬಂದವರನ್ನು ರಂಜಕ ಎಲ್ಲಿಗೆ ಹೋಗುತ್ತದೆ ಅಂತ ನೇರವಾಗಿ ಕೇಳಿ. ಕಾರಂಜಿ, ನೀರಿಗೆ ಗಾಳಿ ಬೆರೆಸುವ ಏರೇಟರ್‌ಗಳು ಮೀನಿನ ಪ್ರಾಣ ಉಳಿಸಬಲ್ಲವು. ಆದರೆ ಅವನ್ನು ಸಂಜೆ ಜನ ಬಂದಾಗ ಮಾತ್ರ ಓಡಿಸಿದರೆ ಉಪಯೋಗ ಕಡಿಮೆ, ಮಧ್ಯರಾತ್ರಿಯಿಂದ ಬೆಳಗಿನವರೆಗೆ ಓಡಿಸಬೇಕು. ತೇಲುವ ಗಿಡಗಳ ತೆಪ್ಪ ಒಳ್ಳೆಯದೇ, ಸಣ್ಣ ಕುಂಟೆಗೆ ಸಾಕು, ಕೊಳಚೆ ಬರುವ ದೊಡ್ಡ ಕೆರೆಗೆ ಸಾಲದು.

ಇನ್ನು ಯಾರ ಕೆಲಸ ಇದು? ಕಷ್ಟ ಇರುವುದೇ ಇಲ್ಲಿ. ಕೆರೆಯ ಜಾಗ ನಗರಸಭೆಯದ್ದೋ ಸಣ್ಣ ನೀರಾವರಿ ಇಲಾಖೆಯದ್ದೋ ಪಂಚಾಯಿತಿಯದ್ದೋ ಆಗಿರುತ್ತದೆ. ಯುಜಿಡಿ ಕೆಲಸ ಒಳಚರಂಡಿ ಮಂಡಳಿಯದ್ದು. ಮೀನಿನ ಟೆಂಡರ್ ಹಲವು ಕಡೆ ಮೀನುಗಾರಿಕೆ ಇಲಾಖೆಯದ್ದು. ನೀರು ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. 2014ರ ಕಾಯ್ದೆಯ ಪ್ರಕಾರ ಕೆರೆಗಳಿಗೇ ಒಂದು ಪ್ರಾಧಿಕಾರವೂ ಇದೆ. ಇವರೆಲ್ಲ ಒಟ್ಟಿಗೆ ಕೂತು ಒಂದೇ ನಕ್ಷೆ ನೋಡುವುದು ಬಹಳ ಅಪರೂಪ. ಆ ನಕ್ಷೆಯನ್ನು ನೀವೇ ಮಾಡಿ. ಬೇಸಿಗೆಯಲ್ಲಿ, ಮಳೆ ಇಲ್ಲದ ದಿನ, ಕೆರೆಯಿಂದ ಹೊರಟು ಕಾಲುವೆಯ ಜೊತೆ ಮೇಲಕ್ಕೆ ನಡೆಯಿರಿ. ಮಳೆನೀರಿನ ಕಾಲುವೆಯಲ್ಲಿ ಆ ದಿನ ನೀರು ಹರಿಯುತ್ತಿದ್ದರೆ ಅದರಲ್ಲಿ ಬಹುಪಾಲು ಕೊಳಚೆಯೇ. ಯಾವ ಮ್ಯಾನ್‌ಹೋಲ್ ಉಕ್ಕುತ್ತಿದೆ, ಯಾವ ಪೈಪ್ ಕಾಲುವೆಗೆ ತೆರೆದಿದೆ, ಯಾವ ಬಡಾವಣೆಗೆ ಸಂಪರ್ಕವೇ ಸಿಕ್ಕಿಲ್ಲ, ಎಲ್ಲ ಗುರುತು ಹಾಕಿ. ಪೌರಾಯುಕ್ತರು, ಇಂಜಿನಿಯರ್, ವಾರ್ಡ್ ಸದಸ್ಯರು ಒಟ್ಟಿಗೆ ನಡೆದರೆ ಇನ್ನೂ ಒಳ್ಳೆಯದು. ಪೌರಕಾರ್ಮಿಕರನ್ನು ಮರೆಯದೆ ಕರೆಯಿರಿ, ಯಾವ ಪೈಪ್ ಎಲ್ಲಿಗೆ ಹೋಗುತ್ತದೆ ಅನ್ನುವುದು ಕಚೇರಿಯ ಫೈಲಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಪಾಚಿ ತಿನ್ನುವ ಮೀನು ಬಿಟ್ಟರೆ ಆಗುವುದಿಲ್ಲವೇ ಅಂತ ಒಬ್ಬ ಸದಸ್ಯರು ಕೇಳಿದರು. ಬೆಳ್ಳಿಗೆಂಡೆ ಒಂದಷ್ಟು ಪಾಚಿ ತಿನ್ನುತ್ತದೆ, ಆದರೆ ತಿಂದ ರಂಜಕದಲ್ಲಿ ಬಹುಪಾಲು ಮತ್ತೆ ನೀರಿಗೇ ಬರುತ್ತದೆ. ಮೀನು ಹಿಡಿದು ಹೊರಗೆ ಸಾಗಿಸಿದಷ್ಟು ಮಾತ್ರ ಲಾಭ. ಸಾಮಾನ್ಯ ಗೆಂಡೆ ತಳದ ಕೆಸರು ಕೆದಕಿ ಕೆಲಸ ಕೆಡಿಸುತ್ತದೆ. ಮೀನಿಗೆ ಹೊರಗಿನಿಂದ ಮೇವು ಹಾಕುವುದಂತೂ ಕೆರೆಗೆ ಗೊಬ್ಬರ ಹಾಕಿದಂತೆ. ಟೆಂಡರ್ ಷರತ್ತಿನಲ್ಲೇ ಮೇವು ಹಾಕಬಾರದು ಅಂತ ಬರೆಸಿ.

ನಮ್ಮ ಹತ್ತಿರ ಲ್ಯಾಬ್ ಇಲ್ಲ, ಹೇಗೆ ಅಳೆಯುವುದು ಅಂತ ಶಾಲೆಯ ಮೇಷ್ಟ್ರೊಬ್ಬರು ಕೇಳಿದರು. ಒಂದು ಅಡಿಗಿಂತ ಸ್ವಲ್ಪ ಚಿಕ್ಕ ತಟ್ಟೆಗೆ ಕಪ್ಪು-ಬಿಳಿ ಬಣ್ಣ ಹಚ್ಚಿ, ಕೆಳಗೆ ಭಾರ ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ಇಳಿಬಿಡಿ. ಕಣ್ಣಿಗೆ ಮರೆಯಾಗುವ ಆಳ ಬರೆದಿಡಿ. ಇಟಲಿಯ ಸೆಕಿ ಅನ್ನೋರು 1865ರಲ್ಲಿ ಬಳಕೆಗೆ ತಂದ ವಿಧಾನ, ಇವತ್ತಿಗೂ ವಿಜ್ಞಾನಿಗಳು ಬಳಸುತ್ತಾರೆ. ದೊಡ್ಡವರ ಜೊತೆಯಲ್ಲಿ ಮಕ್ಕಳೇ ಮಾಡಬಹುದು. ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಮಾಡಿದರೆ ಎರಡು ವರ್ಷದಲ್ಲಿ ಯಾರೂ ಅಲ್ಲಗಳೆಯಲಾಗದ ದಾಖಲೆ ನಿಮ್ಮ ಕೈಯಲ್ಲಿರುತ್ತದೆ.

ಕೊನೆಯದು, ಕೆರೆ ಸಮಿತಿಯ ಹಿರಿಯರೊಬ್ಬರದ್ದು: ಕೊಳಚೆ ಪೂರ್ತಿ ನಿಂತ ಮೇಲೆ ನೀರು ತಿಳಿಯಾಗಲು ಎಷ್ಟು ವರ್ಷ ಬೇಕು? ಅದು ಹೂಳಿನ ಮೇಲೆ ನಿಂತಿದೆ. ತಳದಲ್ಲಿ ಆಮ್ಲಜನಕ ಇರುವವರೆಗೆ ಹೂಳಿನ ಕಬ್ಬಿಣ ರಂಜಕವನ್ನು ಹಿಡಿದಿಟ್ಟಿರುತ್ತದೆ. ಆಮ್ಲಜನಕ ಹೋದರೆ ಬಿಟ್ಟುಕೊಡುತ್ತದೆ. ಹಾಗಾಗಿ ಹಳೆಯ ಹೂಳು ವರ್ಷಗಟ್ಟಲೆ ಪಾಚಿಯನ್ನು ಸಾಕಬಹುದು. ಹೂಳೆತ್ತುವ ಕೆಲಸಕ್ಕೆ ಸರಿಯಾದ ಹೊತ್ತು ಆಗ, ಕೊಳಚೆ ನಿಂತ ಮೇಲೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿಗಳಲ್ಲಿ ಹೂಳು ಹೊಡೆದುಕೊಂಡು ಹೊಲಕ್ಕೆ ಹಾಕುತ್ತಿದ್ದದ್ದು ಇದೇ ಕೆಲಸ. ಕೆರೆಗೆ ಹೊರೆಯಾದ ರಂಜಕ ರಾಗಿ ಹೊಲಕ್ಕೆ ಗೊಬ್ಬರ. ಕಾರ್ಖಾನೆಗಳ ನೀರು ಸೇರಿದ ಕೆರೆಯಾದರೆ ಮೊದಲು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಪರೀಕ್ಷೆ ಮಾಡಿಸಿ, ಆಮೇಲೆ ರೈತರಿಗೆ ಕೊಡಿ.